ಆನ್‌ಲೈನ್ ಡಿಗ್ರಿಗೆ ಸೇರ್ತೀರಾ? ಫೀಸು ಕಟ್ಟುವ ಮೊದಲು ಇಷ್ಟು ನೋಡಿ

ಹೋದ ವರ್ಷ ಪಕ್ಕದ ಮನೆಯ ಹುಡುಗಿ ಫೋನ್ ಹಿಡಿದುಕೊಂಡು ಓಡಿ ಬಂದಳು. "ಅಣ್ಣಾ, ಇವತ್ತೇ ಕೊನೇ ದಿನವಂತೆ, ಈಗಲೇ ದುಡ್ಡು ಹಾಕಿ ಅಂತಿದ್ದಾರೆ." ಹಗಲು ಅಂಗಡಿಯಲ್ಲಿ ಬಿಲ್ಲಿಂಗ್ ಕೆಲಸ, ರಾತ್ರಿ ಓದುವ ಆಸೆ. ಇಬ್ಬರೂ ಕೂತು, ವಿಶ್ವವಿದ್ಯಾಲಯಗಳ ಮೇಲ್ವಿಚಾರಣೆ ನೋಡುವ ಯುಜಿಸಿಯ ಅನುಮತಿ ಪಟ್ಟಿ ತೆಗೆದೆವು. ವಿಶ್ವವಿದ್ಯಾಲಯದ ಹೆಸರು ಇತ್ತು. ಅವಳು ಸೇರಬೇಕೆಂದಿದ್ದ ಕೋರ್ಸ್ ಇರಲಿಲ್ಲ.

ಎಡವುವುದು ಇಲ್ಲೇ. ಆದ್ದರಿಂದ ಮೊದಲ ಕೆಲಸ: ಯುಜಿಸಿಯ ದೂರಶಿಕ್ಷಣ ಬ್ಯೂರೋ, ಅಂದರೆ ಡಿಇಬಿ ವೆಬ್‌ಸೈಟಿಗೆ ಹೋಗಿ. ಮೂರು ವಿಷಯ ಒಟ್ಟಿಗೆ ಹೊಂದಬೇಕು. ನಿಮ್ಮ ಕೋರ್ಸ್, ನೀವು ಸೇರುವ ಅವಧಿ (ಜನವರಿಯದೋ ಜುಲೈಯದೋ, ಯಾವ ವರ್ಷದ್ದು), ಮತ್ತು ವಿಧಾನ. ದೂರಶಿಕ್ಷಣ ಬೇರೆ, ಆನ್‌ಲೈನ್ ಬೇರೆ. ಒಂದಕ್ಕೆ ಅನುಮತಿ ಇದ್ದ ಮಾತ್ರಕ್ಕೆ ಇನ್ನೊಂದಕ್ಕೂ ಇದೆ ಅಂತಲ್ಲ. ಆ ಪುಟದ ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಳ್ಳಿ.

ಇಷ್ಟು ಒತ್ತಿ ಹೇಳೋದಕ್ಕೆ ಕಾರಣ ಇದೆ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ 2013-14ರಿಂದ ಮಾನ್ಯತೆ ಇಲ್ಲ ಎಂದು ಯುಜಿಸಿ ಹೇಳಿದ್ದು 2015ರಲ್ಲಿ. ಅಷ್ಟರಲ್ಲಿ ಎಷ್ಟೋ ಮಂದಿ ಸೇರಿ, ಓದಿ, ಪರೀಕ್ಷೆಯನ್ನೂ ಬರೆದಾಗಿತ್ತು. ಮಾನ್ಯತೆ ಮತ್ತೆ ಸಿಕ್ಕಿದ್ದು 2018ರಲ್ಲಿ. ಮಧ್ಯೆ ಸಿಕ್ಕಿಕೊಂಡವರು ಮಾರ್ಕ್ಸ್ ಕಾರ್ಡ್ ಹಿಡಿದು ಅಲೆದರು. ಅವರದೇನು ತಪ್ಪಿತ್ತು? ಇಂಥ ಹೊತ್ತಿನಲ್ಲಿ ಭಾರವೆಲ್ಲ ವಿದ್ಯಾರ್ಥಿಯ ತಲೆ ಮೇಲೆ ಬೀಳುವುದು ನನಗಂತೂ ಅನ್ಯಾಯ ಅನ್ನಿಸುತ್ತದೆ.

ಕೆಲವು ಕೋರ್ಸ್‌ಗಳ ಡಿಗ್ರಿಯನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನಿನಲ್ಲಾಗಲಿ ಕೊಡುವಂತೆಯೇ ಇಲ್ಲ. ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಫಾರ್ಮಸಿ, ಕಾನೂನು, ಪಿಎಚ್‌ಡಿ ಈ ಪಟ್ಟಿಯಲ್ಲಿವೆ. 2025ರ ಜುಲೈ ಅವಧಿಯಿಂದ ಮನಶ್ಶಾಸ್ತ್ರ, ಮೈಕ್ರೋಬಯಾಲಜಿಯಂಥವಕ್ಕೂ ಬಾಗಿಲು ಮುಚ್ಚಿದೆ. ಇನ್ನು, "ನಮ್ಮ ಸೆಂಟರ್ ಮೂಲಕವೇ ಅಡ್ಮಿಷನ್" ಎನ್ನುವವರ ಹತ್ತಿರ ಹುಷಾರು. ವಿಶ್ವವಿದ್ಯಾಲಯ ಇಂಥ ಸೆಂಟರ್‌ಗಳಿಗೆ ಫ್ರಾಂಚೈಸಿ ಕೊಡಲು ನಿಯಮದಲ್ಲಿ ಅವಕಾಶವಿಲ್ಲ. ಫೀಸು ನೇರ ವಿಶ್ವವಿದ್ಯಾಲಯದ ಖಾತೆಗೇ ಹೋಗಲಿ, ರಸೀದಿ ಬರಲಿ.

ಎರಡನೆಯದು ಐಡಿ. ಮೊದಲು ಡಿಜಿಲಾಕರ್‌ನಲ್ಲಿ 12 ಅಂಕೆಯ ಎಬಿಸಿ ಐಡಿ (ನಿಮ್ಮ ಓದಿನ ಕ್ರೆಡಿಟ್‌ಗಳ ಲೆಕ್ಕ ಇಡುವ 'ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್' ಖಾತೆಯ ಸಂಖ್ಯೆ) ಮಾಡಿಕೊಳ್ಳಿ, ಆಮೇಲೆ ಡಿಇಬಿ ವೆಬ್‌ಸೈಟಿನಲ್ಲಿ ಡಿಇಬಿ ಐಡಿ. ಇದಿಲ್ಲದೆ ಈಗ ಅಡ್ಮಿಷನ್ ಆಗುವುದಿಲ್ಲ. ತೊಡಕು ಬರುವುದು ಹೆಸರಿನಲ್ಲಿ. ಆಧಾರ್‌ನಲ್ಲಿ ಇನಿಷಿಯಲ್ ಮುಂದೆ, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಹಿಂದೆ. ನಮ್ಮ ಕಡೆ ಇದು ಮನೆಮನೆ ಕಥೆ. ಪಕ್ಕದ ಮನೆ ಹುಡುಗಿಗೆ ಆಧಾರ್ ತಿದ್ದಿಸಲು ಎರಡು ಸಲ ಕೆಲಸಕ್ಕೆ ರಜೆ ಹಾಕಬೇಕಾಯಿತು. ಕೊನೇ ವಾರಕ್ಕೆ ಬಿಡಬೇಡಿ.

ಮೂರನೆಯದಾಗಿ ಪರೀಕ್ಷೆ ಹೇಗೆ ಅಂತ ಇಮೇಲಿನಲ್ಲೇ ಕೇಳಿ. ಮನೆಯಲ್ಲೇ ಬರೆಯುವುದಾದರೆ ಕ್ಯಾಮೆರಾ ಇರುವ ಲ್ಯಾಪ್‌ಟಾಪ್ ಬೇಕಾ, ಮೊಬೈಲ್ ಸಾಕಾ? ಮಧ್ಯೆ ಕರೆಂಟ್ ಹೋದರೆ ಮತ್ತೆ ಅವಕಾಶ ಇದೆಯಾ? ಕೇಂದ್ರದಲ್ಲಾದರೆ ಯಾವ ಊರು? ಕನ್ನಡದಲ್ಲಿ ಉತ್ತರ ಬರೆಯಬಹುದಾ? ಫೋನಿನಲ್ಲಿ ಹೇಳಿದ್ದಕ್ಕೆ ಆಮೇಲೆ ಸಾಕ್ಷಿ ಇರುವುದಿಲ್ಲ, ಅಲ್ವಾ. ಮನೆಯೊಳಗೆ ನೆಟ್‌ವರ್ಕ್ ಸಿಗದವರು ರಾತ್ರಿ ಡೌನ್‌ಲೋಡ್ ಮಾಡಿಟ್ಟುಕೊಳ್ಳುವ ಹಾಗೆ ಪಾಠಗಳು ಇವೆಯೇ ಎಂದೂ ವಿಚಾರಿಸಿ.

"ಆನ್‌ಲೈನ್ ಡಿಗ್ರಿ ನಡೆಯಲ್ಲ" ಎಂದು ಕೆಲಸ ಕೊಡುವವರು ಹೇಳಿದರೆ ಸುಮ್ನೆ ವಾಪಸ್ ಬರಬೇಡಿ. ಅನುಮತಿ ಪಡೆದು ಕೊಟ್ಟ ಆನ್‌ಲೈನ್, ದೂರಶಿಕ್ಷಣದ ಪದವಿಗಳು ರೆಗ್ಯುಲರ್ ಪದವಿಗೆ ಸಮ ಎಂದು ಯುಜಿಸಿ 2022ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ಆ ಪತ್ರದ ಪ್ರಿಂಟ್ ತೆಗೆದು, ಸೇರುವಾಗ ಇಟ್ಟುಕೊಂಡ ಸ್ಕ್ರೀನ್‌ಶಾಟ್ ಜೊತೆ ಮುಂದಿಡಿ. ವಿಶ್ವವಿದ್ಯಾಲಯವೇ ಸತಾಯಿಸಿದರೆ ಯುಜಿಸಿಯ ಇ-ಸಮಾಧಾನ್ ಪೋರ್ಟಲ್‌ನಲ್ಲಿ ದೂರು ಕೊಡಿ. ಅಲ್ಲೂ ಕೆಲಸಕ್ಕೆ ಬರುವುದು ಆ ರಸೀದಿ, ಆ ಇಮೇಲ್‌ಗಳೇ.