ನಿಮ್ಮ ಹೆಸರಿನ ಬೆಟ್ಟ, ಹೊಳೆ, ಊರು ಹುಡುಕಿ ಹೊರಡುವುದು ಹೇಗೆ

ನನ್ನ ಹೆಸರು ತಾರಾ. ಎರಡೇ ಅಕ್ಷರ. ಈ ಹವ್ಯಾಸಕ್ಕೆ ಇದಕ್ಕಿಂತ ಒಳ್ಳೆ ಹೆಸರು ಸಿಗುವುದು ಕಷ್ಟ. ಐರ್ಲೆಂಡಿನಲ್ಲಿ ತಾರಾ ಗುಡ್ಡವಿದೆ, ಹಿಂದೆ ಅಲ್ಲಿನ ಮಹಾರಾಜರ ಪೀಠವಾಗಿದ್ದ ಜಾಗ. ಮಾಂಟೆನೆಗ್ರೋದಲ್ಲಿ ತಾರಾ ನದಿ, ಸರ್ಬಿಯಾದಲ್ಲಿ ತಾರಾ ಬೆಟ್ಟಸಾಲು, ಸೈಬೀರಿಯಾದಲ್ಲಿ 1594ರಲ್ಲಿ ಹುಟ್ಟಿದ ತಾರಾ ಪಟ್ಟಣ, ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಇನ್ನೊಂದು ತಾರಾ. ಶಿಮ್ಲಾ ಪಕ್ಕದಲ್ಲೇ ತಾರಾದೇವಿ ಬೆಟ್ಟ. ಇವುಗಳಲ್ಲಿ ಹೆಚ್ಚಿನವು ನನ್ನ ಪಟ್ಟಿಯಲ್ಲೇ ಉಳಿದಿವೆ. ಪರವಾಗಿಲ್ಲ, ಅವೇನು ಓಡಿ ಹೋಗುವುದಿಲ್ಲ.

ಆಟ ಇಷ್ಟೇ: ನಿಮ್ಮ ಹೆಸರಿರುವ ಜಾಗಗಳನ್ನು ನಕ್ಷೆಯಲ್ಲಿ ಹುಡುಕುವುದು, ಒಂದೊಂದಾಗಿ ಹೋಗಿ ನಡೆದು ಬರುವುದು. ಸಂಘ ಬೇಡ, ಸದಸ್ಯತ್ವ ಬೇಡ, ದುಬಾರಿ ಸಾಮಾನು ಬೇಡ. ಯಾರೂ 'ನೋಡಲೇಬೇಕು' ಅಂತ ಹೇಳದ ಜಾಗಕ್ಕೆ ಹೋಗಲು ಒಂದು ನೆಪ ಸಿಗುತ್ತದಲ್ಲ, ಮಜಾ ಇರುವುದೇ ಅಲ್ಲಿ. ಇಂಥ ನೆಪಗಳು ಹೊಸದೇನಲ್ಲ. 1996ರಿಂದಲೂ ಕೆಲವರು ಅಕ್ಷಾಂಶ ರೇಖಾಂಶಗಳ ಪೂರ್ಣಾಂಕಗಳು ಸೇರುವ ಬಿಂದುಗಳಿಗೆ ಹೋಗಿ ಫೋಟೋ ತೆಗೆಯುತ್ತಿದ್ದಾರೆ. ಅದಕ್ಕೆ ಹೋಲಿಸಿದರೆ ನಮ್ಮದು ಸ್ವಲ್ಪ ಬುದ್ಧಿವಂತರ ಆಟವೇ ಅನ್ನಬೇಕು.

ಹುಡುಕುವ ಮೊದಲೇ ನಿಯಮ ಬರೆಯಿರಿ

ಪಟ್ಟಿ ಕಣ್ಣೆದುರು ಬಂದ ಮೇಲೆ ನಿಯಮ ಮಾಡಲು ಕೂತರೆ ಮನಸ್ಸು ತನಗೆ ಬೇಕಾದ ಹಾಗೆ ವಾದ ಹೂಡುತ್ತದೆ. ಅದಕ್ಕೇ ಮೊದಲು ಕಾಗದದ ಮೇಲೆ ಬರೆದಿಡಿ.

ಹೆಸರು ಪೂರ್ತಿ ಅದೇ ಇರಬೇಕಾ, ಅಥವಾ ಹಿಂದೆ ಮುಂದೆ ಬಾಲ ಇದ್ದರೂ ನಡೆಯುತ್ತದಾ? ನಾನು ಬಾಲಕ್ಕೆ ಒಪ್ಪಿದ್ದೇನೆ. ತಾರಾದೇವಿ ಸೈ. ಬಂಗಾಳದ ತಾರಾಪೀಠ ಸೈ. 1969ರಿಂದ ಅಣು ವಿದ್ಯುತ್ ಸ್ಥಾವರ ನಡೆಯುತ್ತಿರುವ ಮಹಾರಾಷ್ಟ್ರದ ತಾರಾಪುರವೂ ಸೈ. ಆದರೆ ಇಟಲಿಯ ತಾರಾಂತೋ ಲೆಕ್ಕಕ್ಕಿಲ್ಲ. ಅಲ್ಲಿ ನನ್ನ ಅಕ್ಷರಗಳು ಬಂದಿರುವುದು ಸುಮ್ನೆ, ಹೆಸರಾಗಿ ಅಲ್ಲ. ಉದ್ದ ಹೆಸರಿನವರು ಇಷ್ಟು ಬಿಗಿಯಾಗಿರಬೇಕಿಲ್ಲ. ಅಪರೂಪದ ಹೆಸರಾದರೆ ಕರೆಯುವ ಹೆಸರು, ಮನೆತನದ ಹೆಸರು ಎಲ್ಲವನ್ನೂ ಒಳಗೆ ಬಿಟ್ಟುಕೊಳ್ಳಿ.

ಅಂಗಡಿ, ಬ್ಯೂಟಿ ಪಾರ್ಲರ್, ಕಲ್ಯಾಣ ಮಂಟಪ, ಅಪಾರ್ಟ್‌ಮೆಂಟ್ ಬೇಡ. ಗೂಗಲ್ ಮ್ಯಾಪ್ಸ್‌ನಲ್ಲಿ ಹೆಸರು ಹೊಡೆದರೆ ಮೊದಲು ಬರುವುದು ಇವೇ. ಇವನ್ನೆಲ್ಲ ಸೇರಿಸಿದರೆ ಅದು ಹೊರಾಂಗಣ ಹವ್ಯಾಸ ಅಲ್ಲ, ಶಾಪಿಂಗ್.

'ತಲುಪಿದೆ' ಅಂದರೆ ಏನು ಅನ್ನುವುದನ್ನೂ ತೀರ್ಮಾನಿಸಿ. ಕಾರಿನ ಕಿಟಕಿಯಿಂದ ಬೋರ್ಡು ನೋಡಿದರೆ ನನ್ನ ಲೆಕ್ಕದಲ್ಲಿ ಸಾಲದು. ಕೊನೆಯ 2 ಕಿಲೋಮೀಟರ್ ಕಾಲ್ನಡಿಗೆ ಇಲ್ಲವೇ ಸೈಕಲ್. ಬೆಟ್ಟವಾದರೆ ದಾರಿ ಬಿಡುವಷ್ಟು ಮೇಲಕ್ಕೆ. ತೊಂದರೆ ಕೊಡುವುದು ನದಿ. ನೂರಾರು ಕಿಲೋಮೀಟರ್ ಉದ್ದದ ನದಿಯನ್ನು 'ನೋಡಿದೆ' ಅನ್ನುವುದು ಯಾವಾಗ? ಮೂಲ, ಸಂಗಮ, ಅಳಿವೆ ಈ ಮೂರರಲ್ಲಿ ಒಂದನ್ನು ಮುಟ್ಟಬೇಕು ಅಂತ ಇಟ್ಟುಕೊಂಡಿದ್ದೇನೆ. ಸೇತುವೆ ಮೇಲಿಂದ ಬಗ್ಗಿ ನೋಡಿದ್ದು ಅರ್ಧ ಅಂಕ.

ಹುಡುಕಾಟ

ಮನೆಯಲ್ಲೇ ಕೂತು ಮಾಡುವ ಈ ಕೆಲಸ ಹೊರಗಿನ ನಡಿಗೆಯಷ್ಟೇ ಹಿಡಿಸುತ್ತದೆ, ಎಚ್ಚರ. ವಿಕಿಪೀಡಿಯದಿಂದ ಶುರು ಮಾಡಿ. ಒಂದೇ ಹೆಸರಿನ ಹಲವು ವಿಷಯಗಳಿದ್ದರೆ ಎಲ್ಲವನ್ನೂ ಒಟ್ಟಿಗೆ ಪಟ್ಟಿ ಮಾಡಿದ ಪುಟ ಇರುತ್ತದೆ. ದೊಡ್ಡ ಜಾಗಗಳು ಅಲ್ಲೇ ಸಿಗುತ್ತವೆ.

ಸಣ್ಣವು ಬೇಕಿದ್ದರೆ ಜಗತ್ತಿನ ಊರು, ಬೆಟ್ಟ, ನೀರಿನ ಹೆಸರುಗಳನ್ನು ಸೇರಿಸಿಟ್ಟ ಜಾಲತಾಣ ಜಿಯೋನೇಮ್ಸ್‌ಗೆ ಹೋಗಿ. ಅದರಲ್ಲಿ ಪ್ರತಿ ಹೆಸರಿಗೂ ಒಂದು ಅಕ್ಷರದ ವರ್ಗ ಇದೆ: 'ಪಿ' ಅಂದರೆ ಜನ ಇರುವ ಊರು, 'ಎಚ್' ಅಂದರೆ ನೀರು, 'ಟಿ' ಅಂದರೆ ಬೆಟ್ಟ ಗುಡ್ಡ. ಎಚ್ ಮತ್ತು ಟಿ ಮೊದಲು ನೋಡಿ. ಇನ್ನೊಂದು ಓಪನ್‌ಸ್ಟ್ರೀಟ್‌ಮ್ಯಾಪ್. 2004ರಲ್ಲಿ ಶುರುವಾದ ಈ ಆನ್‌ಲೈನ್ ನಕ್ಷೆಯನ್ನು ಜನರೇ ಸೇರಿ ಬರೆಯುತ್ತಿರುವುದರಿಂದ ಊರಿನವರಿಗೆ ಮಾತ್ರ ಗೊತ್ತಿರುವ ತೊರೆ, ಬಂಡೆಗಳ ಹೆಸರೂ ಕೆಲವೊಮ್ಮೆ ಇರುತ್ತದೆ. ಓವರ್‌ಪಾಸ್ ಟರ್ಬೊ ಎಂಬ, ಇದೇ ನಕ್ಷೆಯಲ್ಲಿ ಹುಡುಕುವ ಉಪಕರಣದಲ್ಲಿ 'ಈ ಹೆಸರಿನ ಶಿಖರ ಮಾತ್ರ ತೋರಿಸು' ಅಂತ ಕೇಳಬಹುದು.

ರೋಮನ್ ಕಾಗುಣಿತ ಮಾತ್ರ ಒಂದನ್ನೇ ನಂಬಬೇಡಿ. ಸವಿತಾ, ಗೀತಾ, ಲತಾ ಅನ್ನುವವರು 'ಟಿ' ಹಾಕಿಯೂ 'ಟಿಎಚ್' ಹಾಕಿಯೂ ಹುಡುಕಬೇಕು. ಆ ಜಾಗದ ಲಿಪಿಯಲ್ಲೂ ಒಮ್ಮೆ ಹೊಡೆದು ನೋಡಿ. ಇನ್ನೂ ಆಳಕ್ಕೆ ಇಳಿಯುವ ಆಸೆ ಇದ್ದರೆ ಸರ್ಕಾರಿ ಭೂಪಟ ತೆರೆಯಿರಿ. 1767ರಿಂದ ಇರುವ ನಮ್ಮ ಸರ್ವೆ ಆಫ್ ಇಂಡಿಯಾದ 1:50,000 ಹಾಳೆಯಲ್ಲಿ ನೆಲದ 1 ಕಿಲೋಮೀಟರ್ ಅಂದರೆ ಕಾಗದದಲ್ಲಿ 2 ಸೆಂಟಿಮೀಟರ್. ಒಂದು ಹಳ್ಳದ ಹೆಸರು ಬರೆಯಲು ಧಾರಾಳ ಜಾಗ.

ಹುಡುಗಿಯರ ಹೆಸರಿಟ್ಟುಕೊಂಡವರಿಗೆ ಕರ್ನಾಟಕದ ನದಿಗಳೇ ಸಾಕು: ಕಾವೇರಿ, ಶರಾವತಿ, ಹೇಮಾವತಿ, ವರದಾ, ಸೀತಾ, ಶಾಂಭವಿ, ನಂದಿನಿ. ಕುಮುದ್ವತಿಯಂತೂ ಎರಡಿವೆ. ಒಂದು ಶಿವಗಂಗೆಯಲ್ಲಿ ಹುಟ್ಟಿ ಅರ್ಕಾವತಿ ಸೇರುತ್ತದೆ, ಇನ್ನೊಂದು ಮಲೆನಾಡಿನಿಂದ ಹರಿದು ತುಂಗಭದ್ರೆ ಸೇರುತ್ತದೆ. ಅರುಣ್ ಎಂಬವರಿಗೆ ಒಂದು ನದಿ ಇಂಗ್ಲೆಂಡಿನ ಸಸೆಕ್ಸ್‌ನಲ್ಲಿದೆ, ಇನ್ನೊಂದು ಟಿಬೆಟ್ಟಿನಿಂದ ಹಿಮಾಲಯ ಸೀಳಿಕೊಂಡು ನೇಪಾಳಕ್ಕೆ ಇಳಿಯುತ್ತದೆ. ಮನು ಎಂಬವರಿಗೆ ತ್ರಿಪುರಾದಲ್ಲಿ ನದಿ, ಪೆರುವಿನಲ್ಲಿ ರಾಷ್ಟ್ರೀಯ ಉದ್ಯಾನ. ಚಂದ್ರನ ಮೇಲೆ ಸೀತಾ, ರವಿ ಅನ್ನುವ ಪುಟ್ಟ ಕುಳಿಗಳಿವೆ, ಆದರೆ ಅವಕ್ಕೆ ನನ್ನ 2 ಕಿಲೋಮೀಟರ್ ನಿಯಮ ಅನ್ವಯಿಸುವುದಿಲ್ಲ.

ಪಟ್ಟಿಯಿಂದ ದಾರಿಗೆ

ನಕ್ಷೆಯಲ್ಲಿ ಚುಕ್ಕೆ ಇಟ್ಟು ಗುಂಪು ಮಾಡಿ. ಯಾವುದು ಯಾವುದಕ್ಕೆ ಹತ್ತಿರ ಅನ್ನುವುದು ಆಗಲೇ ಕಾಣುವುದು. ನನ್ನ ತಾರಾ ನದಿ ಮಾಂಟೆನೆಗ್ರೋದಲ್ಲಿ ಸುಮಾರು 1,300 ಮೀಟರ್ ಆಳದ ಕಣಿವೆ ಕೊರೆದುಕೊಂಡು ಬಂದು, ಪಿವಾ ನದಿಯ ಜೊತೆ ಸೇರಿ ದ್ರಿನಾ ಆಗುತ್ತದೆ. ಆ ದ್ರಿನಾ ಮುಂದೆ ಸರ್ಬಿಯಾದ ತಾರಾ ಬೆಟ್ಟದ ಬುಡದಲ್ಲೇ ಹರಿಯುತ್ತದೆ. ಒಂದೇ ನೀರಿನ ಬೆನ್ನು ಹತ್ತಿದರೆ ಎರಡು ತಾರಾ. ಬೇರೆ ಬೇರೆಯಾಗಿ ಹೋಗುವುದು ದಡ್ಡತನ, ಅಲ್ವಾ?

ಮೊದಲ ಜಾಗವಾಗಿ ಹತ್ತಿರದ, ಸಾಧಾರಣವಾದುದನ್ನೇ ಆರಿಸಿ. ಹೆಸರು ಇದೆ ಅಂದಮಾತ್ರಕ್ಕೆ ಒಳಗೆ ಹೋಗಬಹುದು ಅಂತಲ್ಲ. ಮೀಸಲು ಅರಣ್ಯವಾ, ಖಾಸಗಿ ತೋಟವಾ, ಸೇನೆಯ ಜಾಗವಾ ನೋಡಿ ಅನುಮತಿ ಪಡೆಯಿರಿ. ಸಿಗದಿದ್ದರೆ ಬೇಲಿಯ ಈಚೆಯಿಂದ ನೋಡಿ, ಪಟ್ಟಿಯಲ್ಲಿ 'ಬಾಕಿ' ಅಂತ ಬರೆದು ಮುಂದೆ ನಡೆಯಿರಿ. ನದಿ ಮೂಲಗಳಿಗೆ ಮಳೆಗಾಲ ಕಳೆದ ಮೇಲೆ ಹೋಗುವುದು ಕ್ಷೇಮ, ನೀರೂ ಇರುತ್ತದೆ, ಕಾಲೂ ಜಾರುವುದಿಲ್ಲ.

ಅಲ್ಲಿಗೆ ಹೋದ ಮೇಲೆ

ತಾರಾದೇವಿಗೆ ಹೋಗಲು ಕಾಲ್ಕಾ–ಶಿಮ್ಲಾ ಪುಟ್ಟ ರೈಲೇ ಸರಿ. 1903ರಿಂದ ಓಡುತ್ತಿರುವ ಅದು ತಾರಾದೇವಿ ಹೆಸರಿನ ನಿಲ್ದಾಣದಲ್ಲೇ ಇಳಿಸುತ್ತದೆ. ಹಳದಿ ಬೋರ್ಡು, ಕಪ್ಪು ಅಕ್ಷರ. ನಿಲ್ದಾಣದ ಬೋರ್ಡಿನಷ್ಟು ದೊಡ್ಡದಾಗಿ ನನ್ನ ಹೆಸರನ್ನು ಬೇರೆ ಯಾರೂ ಬರೆದಿಲ್ಲ. ಅಲ್ಲಿಂದ ಮರಗಳ ನಡುವೆ ಏರುದಾರಿ, ತುದಿಯಲ್ಲಿ ದೇವಸ್ಥಾನ. ಅರ್ಧ ದಾರಿಯಲ್ಲಿ ಹುಲ್ಲಿನ ಹೊರೆ ಇಳಿಸಿ ಕೂತಿದ್ದ ಅಜ್ಜಿಯೊಬ್ಬರು ಹೆಸರು ಕೇಳಿದರು. ಹೇಳಿದೆ. ನಕ್ಕು, 'ಹಾಗಾದರೆ ನಿನ್ನ ಮನೆಗೆ ನೀನೇ ತಡವಾಗಿ ಬರ್ತಿದ್ದೀಯ' ಅಂದರು. ಆಮೇಲೆ ಬಲಕ್ಕೆ ಹೋಗು, ಎಡದ ದಾರಿ ಜಾರುತ್ತದೆ ಅಂತ ತಿದ್ದಿಯೂ ಕಳಿಸಿದರು.

ಹೀಗಾಗಿ ಸಿಕ್ಕವರಿಗೆ ನಿಮ್ಮ ಹೆಸರು ಹೇಳಿ. ಮಾತು ತಾನಾಗಿ ಶುರುವಾಗುತ್ತದೆ. ಊರಿಗೆ ಆ ಹೆಸರು ಯಾಕೆ ಬಂತು ಅಂತ ಇಬ್ಬರನ್ನಾದರೂ ಕೇಳಿ. ಎರಡು ಬೇರೆ ಕತೆ ಬಂದರೆ ಎರಡನ್ನೂ ಬರೆದುಕೊಳ್ಳಿ, ಯಾವುದು ನಿಜ ಅಂತ ಅಲ್ಲೇ ಜಗಳ ತೆಗೆಯಬೇಡಿ.

ಬೋರ್ಡಿನ ಜೊತೆ ಫೋಟೋ ತೆಗೆಯಿರಿ, ಬೋರ್ಡು ಕೀಳಬೇಡಿ. ತಮಾಷೆಗೆ ಹೇಳುತ್ತಿಲ್ಲ. ಆಸ್ಟ್ರಿಯಾದ ಒಂದು ಹಳ್ಳಿಯ ಹೆಸರು ಇಂಗ್ಲಿಷಿನಲ್ಲಿ ಬೈಗುಳದ ಹಾಗೆ ಓದಿಸಿಕೊಳ್ಳುತ್ತಿತ್ತು. ಪ್ರವಾಸಿಗರು ಫಲಕ ಕದ್ದು ಕದ್ದು ಸಾಕಾಗಿ, 2021ರಿಂದ ಊರಿನ ಹೆಸರನ್ನೇ ಫುಗ್ಗಿಂಗ್ ಅಂತ ಬದಲಿಸಿಕೊಂಡರು.

ದಾಖಲೆಗೆ ದೊಡ್ಡ ಏರ್ಪಾಡು ಬೇಡ. ದಿನಾಂಕ, ಅಕ್ಷಾಂಶ ರೇಖಾಂಶ, ನಡೆದ ದಾರಿಯ ಜಿಪಿಎಸ್ ಫೈಲು, ಜನ ಹೇಳಿದ ಕತೆ. ನಕ್ಷೆಯಲ್ಲಿ ಇಲ್ಲದ ಹಳ್ಳ, ಗುಡ್ಡದ ಹೆಸರು ಊರಿನವರಿಂದ ಸಿಕ್ಕರೆ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಸೇರಿಸಿ, ಕನ್ನಡದಲ್ಲೂ ಬರೆಯಲು ಅಲ್ಲಿ ಜಾಗ ಇದೆ.

ಜೊತೆಗಾರರ ವಿಷಯ ಒಂದು ಬಾಕಿ. ನಿಮ್ಮ ಹೆಸರಿನ ಜಾಗಕ್ಕೆ ಪದೇ ಪದೇ ಬೇರೆಯವರನ್ನು ಎಳೆದುಕೊಂಡು ಹೋದರೆ ಅವರಿಗೆ ಬೇಸರ ಬರುತ್ತದೆ. ಹೊರಡುವ ಮೊದಲೇ ಮಾತಾಡಿಕೊಳ್ಳಿ: ಈ ಸಲ ನಿನ್ನದು, ಮುಂದಿನ ಸಲ ನನ್ನದು. ಆದರೆ ಗೆಳತಿಯ ಹೆಸರು ಗಂಗಾ ಅಂತಿದ್ದರೆ, ಮೂಲವೋ ಅಳಿವೆಯೋ ಅನ್ನುವುದನ್ನು ಒಪ್ಪಿಕೊಳ್ಳುವ ಮುಂಚೆ ಕೇಳಿ.