ಮಳೆಗಾಲಕ್ಕೊಂದು ಯುವಿ ಪೆಟ್ಟಿಗೆ

ನಮ್ಮ ಸಾಗರದಲ್ಲಿ ಜೂನ್ ಶುರುವಾಯಿತೆಂದರೆ ಬಿಸಿಲನ್ನು ನಂಬಿಕೊಂಡು ಫೋಟೋ ಪ್ರಿಂಟ್ ಹಾಕಲು ಆಗುವುದಿಲ್ಲ. ಬಿಸಿಲಿದ್ದಾಗ ಹತ್ತು ನಿಮಿಷ ಸಾಕಾದ ನೆಗೆಟಿವ್‌ಗೆ ಮೋಡ ಕವಿದಾಗ ಎಷ್ಟು ಹೊತ್ತು ಕಾಯಬೇಕೋ ಹೇಳುವವರಿಲ್ಲ. ಕಾಗದಕ್ಕೆ ರಾಸಾಯನಿಕ ಹಚ್ಚಿ, ಮೇಲೆ ನೆಗೆಟಿವ್ ಇಟ್ಟು ಬೆಳಕಿಗೆ ಹಿಡಿಯುವ ಹಳೇ ವಿಧಾನಗಳಾದ ಸಯನೋಟೈಪ್ (ನೀಲಿ ಪ್ರಿಂಟ್), ವ್ಯಾನ್‌ಡೈಕ್, ಸಾಲ್ಟ್ ಪ್ರಿಂಟ್, ಎಲ್ಲಕ್ಕೂ ಬೇಕಾದ್ದು ಬಿಸಿಲಿನಲ್ಲಿರುವ ನೇರಳಾತೀತ ಕಿರಣ, ಅಂದರೆ ಯುವಿ. 1842ರಲ್ಲಿ ಜಾನ್ ಹರ್ಷೆಲ್ ಸಯನೋಟೈಪ್ ಕಂಡುಹಿಡಿದಾಗ ಸೂರ್ಯನನ್ನು ಬಿಟ್ಟರೆ ಗತಿಯಿರಲಿಲ್ಲ. ನಮಗೆ ನೊಣ ಹಿಡಿಯುವ ಮೆಷಿನ್ನಿನ ಟ್ಯೂಬ್ ಇದೆ.

ಬೇಕರಿ, ಹೋಟೆಲುಗಳ ಗೋಡೆಗೆ ನೀಲಿ ಬೆಳಕಿನ ಮೆಷಿನ್ ಹಾಕಿರುತ್ತಾರಲ್ವಾ, ಅದರ ಟ್ಯೂಬೇ. ಅದು ಸುಮಾರು 370 ನ್ಯಾನೋಮೀಟರ್ ತರಂಗಾಂತರದ ಯುವಿ-ಎ, ಅಂದರೆ ಯುವಿಯಲ್ಲೇ ಮೆದುವಾದ ಬಗೆ, ಕೊಡುತ್ತದೆ. ನಮ್ಮ ರಾಸಾಯನಿಕಗಳಿಗೆ ಸರಿಯಾಗಿ ಒಗ್ಗುವ ಬೆಳಕು ಅದು. ಎಲೆಕ್ಟ್ರಿಕಲ್ ಅಂಗಡಿಯಲ್ಲಿ 'ಇನ್ಸೆಕ್ಟ್ ಕಿಲ್ಲರ್ ಟ್ಯೂಬ್, 15 ವ್ಯಾಟ್, ಒಂದೂವರೆ ಅಡಿ' ಎಂದು ಕೇಳಿ. ಮೇಲೆ 'ಬಿಎಲ್' ಎಂದು ಬರೆದಿರಬೇಕು. 'ಬಿಎಲ್‌ಬಿ' ಎಂದಿರುವ ಕಡು ನೇರಳೆ ಗಾಜಿನದ್ದೂ ನಡೆಯುತ್ತದೆ. ಆದರೆ ಆ ಬಣ್ಣದ ಗಾಜು ಕಣ್ಣಿಗೆ ಕಾಣುವ ಬೆಳಕನ್ನು ತಡೆಯುತ್ತದೆ, ಅಷ್ಟೆ. ಸುಮ್ನೆ ಅದಕ್ಕೆ ಜಾಸ್ತಿ ದುಡ್ಡು ಯಾಕೆ?

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ನೀರು ಶುದ್ಧ ಮಾಡುವ ಮೆಷಿನ್ನಿನ ಯುವಿ ಟ್ಯೂಬ್ ತರಬೇಡಿ. ಅದೂ ಅದೇ ಅಂಗಡಿಯಲ್ಲಿ ಸಿಗುತ್ತದೆ, ಅದಕ್ಕೂ ಯುವಿ ಎಂದೇ ಹೆಸರು. ಆದರೆ ಅದು 254 ನ್ಯಾನೋಮೀಟರಿನ ಯುವಿ-ಸಿ. ಕಣ್ಣು, ಚರ್ಮ ಎರಡನ್ನೂ ಸುಡುತ್ತದೆ. ಅಷ್ಟಾಗಿಯೂ ಪ್ರಿಂಟಿಗೆ ಉಪಯೋಗವಿಲ್ಲ. ನೆಗೆಟಿವನ್ನು ಕಾಗದಕ್ಕೆ ಒತ್ತಿ ಹಿಡಿಯುವ ಫ್ರೇಮಿನ ಮಾಮೂಲಿ ಗಾಜು ಅದನ್ನು ದಾಟಿಸುವುದೇ ಇಲ್ಲ.

ಎಲ್‌ಇಡಿ ಪಟ್ಟಿ ಆಗಲ್ವಾ ಎಂದು ಕೇಳುವವರಿದ್ದಾರೆ. ಆಗುತ್ತದೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ 12 ವೋಲ್ಟಿನ ನೇರಳೆ ಪಟ್ಟಿ ರೋಲ್‌ಗಟ್ಟಲೆ ಸಿಗುತ್ತದೆ. ಹೆಚ್ಚಿನವು 395ರಿಂದ 405 ನ್ಯಾನೋಮೀಟರಿನವು. ಸಯನೋಟೈಪಿಗೆ ನಡೆಯುತ್ತದೆ, ಹೊತ್ತು ಜಾಸ್ತಿ ಬೇಕು. ವೈರಿಂಗ್‌ಗೆ ಹೆದರುವವರಿಗೆ ಅದೇ ಸರಿ. ನನ್ನ ಆಯ್ಕೆ ಟ್ಯೂಬೇ.

ಈಗ ಪೆಟ್ಟಿಗೆ. ಎ4 ಅಳತೆಯ ಪ್ರಿಂಟಿಗೆ ಆರು ಟ್ಯೂಬ್ ಸಾಕು. ಹೋಲ್ಡರ್ ಸೇರಿಸಿದರೆ ಒಳ ಉದ್ದ 50 ಸೆಂ.ಮೀ. ಬೇಕು, ಅಗಲ 32. ಪ್ಲೈವುಡ್ಡಿನಲ್ಲಿ ಮೂರು ಬದಿ ಗೋಡೆ, ಮೇಲೊಂದು ಹಲಗೆ. ಮುಂದುಗಡೆ ಖಾಲಿ ಬಿಡಿ, ಪ್ರಿಂಟಿನ ಫ್ರೇಮ್ ಅಲ್ಲಿಂದ ಒಳಗೆ ಜಾರಬೇಕು. ಅಲ್ಲಿಗೆ ಕಪ್ಪು ದಪ್ಪ ಬಟ್ಟೆಯ ಪರದೆ. ಟ್ಯೂಬುಗಳನ್ನು ಮೇಲಿನ ಹಲಗೆಯ ಒಳಮೈಗೆ ಉದ್ದುದ್ದ ಜೋಡಿಸಿ. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ 5 ಸೆಂ.ಮೀ. ಇರಲಿ.

ಟ್ಯೂಬಿಗೂ ಕಾಗದಕ್ಕೂ ಎಷ್ಟು ದೂರ? ಪೆಟ್ಟಿಗೆಯ ಜೀವ ಇರುವುದೇ ಇಲ್ಲಿ. ಹತ್ತಿರ ಇದ್ದರೆ ಬೇಗ ಪ್ರಿಂಟ್ ಆಗುತ್ತದೆ ಎಂದು ತೀರಾ ಕೆಳಗೆ ತಂದರೆ, ಪ್ರತಿ ಟ್ಯೂಬಿನ ಕೆಳಗೂ ಒಂದೊಂದು ಗಾಢ ಪಟ್ಟೆ ಬೀಳುತ್ತದೆ. ಟ್ಯೂಬುಗಳ ನಡುವೆ ಎಷ್ಟು ಅಂತರವೋ ಕನಿಷ್ಠ ಅಷ್ಟು ದೂರ ಕಾಗದಕ್ಕೂ ಇರಬೇಕು. ನಾನು 5ಕ್ಕೆ ಬದಲು 7 ಸೆಂ.ಮೀ. ಇಟ್ಟಿದ್ದೇನೆ. ಹೊತ್ತು ಸ್ವಲ್ಪ ಜಾಸ್ತಿ ಹಿಡಿದರೂ ಬೆಳಕು ಸಮವಾಗಿ ಬೀಳುತ್ತದೆ. ಆಕಾಶ, ಗೋಡೆ, ಸೀರೆಯ ಖಾಲಿ ಸೆರಗು, ಇಂಥ ಕಡೆ ಪಟ್ಟೆ ಬಿದ್ದರೆ ಪ್ರಿಂಟ್ ಹೋದ ಹಾಗೆಯೇ.

ಒಳಗೋಡೆಗೆ ಬಿಳಿ ಪೇಂಟ್ ಹೊಡೆಯಬೇಡಿ. ನಮ್ಮ ಕಣ್ಣಿಗೆ ಬೆಳ್ಳಗೆ ಹೊಳೆಯುವ ಪೇಂಟಿನಲ್ಲಿ ಸಾಮಾನ್ಯವಾಗಿ ಟೈಟಾನಿಯಂ ಡೈಆಕ್ಸೈಡ್ ಇರುತ್ತದೆ. ಅದು ಯುವಿಯನ್ನು ನುಂಗಿಬಿಡುತ್ತದೆ. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲನ್ನೇ ಫೆವಿಕಾಲ್ ಹಚ್ಚಿ ಅಂಟಿಸಿ, ಚೆನ್ನಾಗಿ ವಾಪಸು ಎಸೆಯುತ್ತದೆ. ಆದರೆ ಅದರಲ್ಲಿ ಕರೆಂಟ್ ಹರಿಯುತ್ತದೆ ಎನ್ನುವುದು ನೆನಪಿರಲಿ. ಹೋಲ್ಡರಿನ ಸುತ್ತ ಎರಡು ಬೆರಳು ಜಾಗ ಬಿಟ್ಟೇ ಅಂಟಿಸಬೇಕು.

ಚೋಕ್ 15 ವ್ಯಾಟಿನ ಟ್ಯೂಬಿಗೆ ಆಗುವಂಥದ್ದೇ ತನ್ನಿ. ಮನೆಯ ಉದ್ದ ಟ್ಯೂಬ್‌ಲೈಟಿನ ಚೋಕ್ ಹಾಕಿದರೆ ಈ ಸಣ್ಣ ಟ್ಯೂಬ್ ಬೇಗ ಸಾಯುತ್ತದೆ. ಚೋಕುಗಳೆಲ್ಲ ಪೆಟ್ಟಿಗೆಯ ಹೊರಗೆ, ಮೇಲ್ಗಡೆ ಇರಲಿ, ಒಳಗೆ ಬಿಸಿ ಏರುವುದಿಲ್ಲ. ಹಿಂದಿನ ಗೋಡೆಗೆ ಹಳೇ ಕಂಪ್ಯೂಟರಿನ ಫ್ಯಾನ್ ಒಂದನ್ನು ಕೂರಿಸಿ. ವೈರಿಂಗ್ ಗೊತ್ತಿಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಫ್ಯೂಸ್, ಅರ್ಥಿಂಗ್ ಎರಡನ್ನೂ ಕೇಳಿ ಹಾಕಿಸಿಕೊಳ್ಳಿ. ಉರಿಯುವ ಟ್ಯೂಬನ್ನು ಪರದೆ ಎತ್ತಿ ಎತ್ತಿ ನೋಡುವ ಚಟ ಬೇಡ. ಯುವಿ-ಎ ಮೆದುವಾದರೂ ಕಣ್ಣಿಗೆ ಒಳ್ಳೆಯದಲ್ಲ.

ಫ್ರೇಮಿಗೆ ಮಾಮೂಲಿ 5 ಮಿ.ಮೀ. ಗಾಜು ಸಾಕು. ಲ್ಯಾಮಿನೇಟೆಡ್ ಗಾಜು ಬೇಡ, ನಡುವಿನ ಪ್ಲಾಸ್ಟಿಕ್ ಪದರ ಯುವಿಯನ್ನು ತಡೆಯುತ್ತದೆ. ಹಿಂದಿನ ಹಲಗೆಯನ್ನು ಎರಡು ತುಂಡು ಮಾಡಿ ಹಿಂಜ್ ಹಾಕಿಸಿ. ಒಂದು ಅರ್ಧವನ್ನು ಬಿಚ್ಚಿ ಕಾಗದ ಮಡಚಿ ನೋಡುವಾಗ ಇನ್ನೊಂದು ಅರ್ಧ ನೆಗೆಟಿವನ್ನು ಅಲುಗಾಡದ ಹಾಗೆ ಹಿಡಿದಿರುತ್ತದೆ. ಸಯನೋಟೈಪಿನಲ್ಲಿ ನೋಡಬೇಕಾದ್ದು ಗಾಢ ಭಾಗವನ್ನು. ಹಳದಿ ಹಸಿರಾಗಿದ್ದ ಕಾಗದ ಮೊದಲು ನೀಲಿಗೆ ತಿರುಗುತ್ತದೆ. ಆಮೇಲೆ ತೀರಾ ಗಾಢವಾದ ಕಡೆ ನೀಲಿ ಹೋಗಿ ಬೂದು ಬೂದಾಗಿ ಲೋಹದಂತೆ ಮಿನುಗಲು ಶುರುವಾಗುತ್ತದೆ. ಅಲ್ಲಿಗೆ ತೆಗೆದು ನೀರಿಗೆ ಹಾಕಿ. ನನ್ನ ಪೆಟ್ಟಿಗೆಯಲ್ಲಿ ಅದು 12 ನಿಮಿಷದ ಆಸುಪಾಸು. ನಿಮ್ಮದು ಬೇರೆಯೇ ಇರುತ್ತದೆ. 4, 8, 16 ನಿಮಿಷಕ್ಕೆ ಒಂದೊಂದು ಪಟ್ಟಿಯಂತೆ ಹಾಳೆಯನ್ನು ಮುಚ್ಚುತ್ತಾ ಹೋಗಿ ಒಂದು ಪರೀಕ್ಷೆ ಮಾಡಿಕೊಳ್ಳಿ. ಪ್ರತಿ ಸಲವೂ ಟ್ಯೂಬುಗಳನ್ನು ಮೂರು ನಿಮಿಷ ಮೊದಲೇ ಉರಿಸಿ, ತಣ್ಣಗಿರುವಾಗ ಅವು ಪೂರ್ತಿ ಬೆಳಕು ಕೊಡುವುದಿಲ್ಲ.

ನೆಗೆಟಿವ್ ಹಾಕುವ ಮೊದಲು ಇನ್ನೊಂದು ಪರೀಕ್ಷೆ ಇದೆ. ದ್ರಾವಣ ಹಚ್ಚಿದ ಇಡೀ ಹಾಳೆಯನ್ನು ನೆಗೆಟಿವ್ ಇಲ್ಲದೆ ಎರಡು ಮೂರು ನಿಮಿಷ ಮಾತ್ರ ಇಟ್ಟು ತೊಳೆಯಿರಿ. ತೆಳು ನೀಲಿಯಲ್ಲಿ ಬೆಳಕಿನ ಹೆಚ್ಚುಕಡಿಮೆ ಎದ್ದು ಕಾಣುತ್ತದೆ. ಪಟ್ಟೆ ಕಂಡರೆ ಫ್ರೇಮನ್ನು ಒಂದು ಸೆಂ.ಮೀ. ಇಳಿಸಿ. ಅಂಚು ಪೇಲವವಾದರೆ ಬದಿಯ ಫಾಯಿಲ್ ಫ್ರೇಮಿನ ಗಾಜಿನವರೆಗೂ ಇಳಿದಿದೆಯೇ ನೋಡಿ.

ಮಳೆಗಾಲದಲ್ಲಿ ಕಾಗದ ಒಣಗಿದಂತೆ ಕಂಡರೂ ಒಳಗೆ ತೇವ ಇರುತ್ತದೆ. ಸಯನೋಟೈಪ್ ದ್ರಾವಣದಲ್ಲಿರುವ ಫೆರಿಕ್ ಅಮೋನಿಯಂ ಸಿಟ್ರೇಟ್ ಗಾಳಿಯ ನೀರನ್ನು ಎಳೆದುಕೊಳ್ಳುವ ಪುಡಿ. ಹೇರ್ ಡ್ರೈಯರಿನ ತಣ್ಣನೆ ಗಾಳಿ ಹಿಡಿದು, ನೆಗೆಟಿವ್ ಮತ್ತು ಕಾಗದದ ನಡುವೆ ತೆಳುವಾದ ಪಾರದರ್ಶಕ ಪಾಲಿಯೆಸ್ಟರ್ ಹಾಳೆ ಇಟ್ಟರೆ ನೆಗೆಟಿವ್ ಕಲೆಯಾಗುವುದು ತಪ್ಪುತ್ತದೆ.

ಹೋಟೆಲಿನವರು ತೆಗೆದು ಬಿಸಾಕಿದ ಟ್ಯೂಬ್ ಪುಕ್ಕಟೆ ಸಿಕ್ಕರೂ ಬೇಡ. ನೀಲಿಯಾಗಿ ಉರಿಯುತ್ತಿದ್ದರೂ ಅದರ ಯುವಿ ಇಳಿದಿರುತ್ತದೆ. ಹೊಸದು ಹಾಕಿದ ದಿನ ತುದಿಯ ಲೋಹದ ಟೋಪಿಯ ಮೇಲೆ ಮಾರ್ಕರ್‌ನಲ್ಲಿ ತಾರೀಖು ಬರೆದಿಡಿ. ಬದಲಿಸುವಾಗ ಆರನ್ನೂ ಒಟ್ಟಿಗೆ ಬದಲಿಸಿ. ಒಂದೇ ಒಂದು ಹೊಸದು ಹಾಕಿದರೆ ಅದರ ಕೆಳಗೆ ಮತ್ತೆ ಪಟ್ಟೆ ಬೀಳುತ್ತದೆ.