ಸುಬ್‌ಹಿ ನಮಾಝಿನ ಖುನೂತ್: ತಪ್ಪುವುದು ಎಲ್ಲಿ?

ಮಂಜೇಶ್ವರ, ಉಪ್ಪಳ ಕಡೆಯ ಮುಸ್ಲಿಮರಲ್ಲಿ ಅನೇಕರು ಶಾಫಿಈ ಮದ್‌ಹಬಿನವರು (ಮದ್‌ಹಬ್ ಎಂದರೆ ಇಸ್ಲಾಮಿನ ವಿಧಿಗಳನ್ನು ವಿವರಿಸುವ ಪಂಥ). ಅದರಂತೆ ಸುಬ್‌ಹಿಯ (ಮುಂಜಾನೆಯ ನಮಾಝ್) 2ನೇ ರಕಅತ್‌ನಲ್ಲಿ (ನಮಾಝಿನ ಒಂದು ಸುತ್ತು), ರುಕೂಇನಿಂದ (ಬಾಗುವ ಭಂಗಿ) ಎದ್ದು ನೆಟ್ಟಗೆ ನಿಂತ ಮೇಲೆ ಕೈಯೆತ್ತಿ ಖುನೂತ್ ಎಂಬ ಪ್ರಾರ್ಥನೆ ಓದಬೇಕು. ಒಬ್ಬರೇ ನಮಾಝ್ ಮಾಡುವಾಗ ‘ಅಲ್ಲಾಹುಮ್ಮಹ್‌ದಿನೀ’ (ಅಲ್ಲಾಹನೇ, ನನಗೆ ದಾರಿ ತೋರಿಸು). ನಮಾಝಿಗೆ ನೇತೃತ್ವ ಕೊಡುವ ಇಮಾಮರಾದರೆ ಎಲ್ಲರನ್ನೂ ಸೇರಿಸಿ ‘ಅಲ್ಲಾಹುಮ್ಮಹ್‌ದಿನಾ’ (ನಮಗೆ ದಾರಿ ತೋರಿಸು). ಜಮಾಅತ್‌ನಲ್ಲಿ (ಒಟ್ಟಾಗಿ ಮಾಡುವ ನಮಾಝ್) ಇಮಾಮರ ಹಿಂದೆ ನಿಂತವರು ಹೆಚ್ಚು ಎಡವುವುದು ಆಮೀನ್ ವಿಷಯದಲ್ಲಿ. ಇಮಾಮರು ಓದುವ ಬೇಡಿಕೆಯ ಸಾಲುಗಳಿಗೆ ಮಾತ್ರ ಆಮೀನ್ ಹೇಳಿ. ‘ಫಇನ್ನಕ ತಖ್‌ಳೀ’ಯಿಂದ ಅಲ್ಲಾಹನ ಸ್ತುತಿ ಶುರುವಾಗುತ್ತದೆ, ಅದನ್ನು ನೀವೂ ಮೆಲ್ಲಗೆ ಓದಿಕೊಳ್ಳಿ.

ಒಬ್ಬರೇ ಇದ್ದಾಗ ಖುನೂತ್ ಮರೆತು ಸುಜೂದಿಗೆ (ಸಾಷ್ಟಾಂಗ) ಹೋಗಿ ಹಣೆಯಿಟ್ಟಾಯಿತೇ? ದಯವಿಟ್ಟು ವಾಪಸ್ ಏಳಬೇಡಿ. ನಮಾಝ್ ಮುಂದುವರಿಸಿ, ನಮಾಝ್ ಮುಗಿಸುವ ಸಲಾಂಗೆ ಮುಂಚೆ ಮರೆವಿನ 2 ಸುಜೂದ್ ಮಾಡಿದರೆ ಸಾಕು.

ಹನಫಿ ಎಂಬ ಇನ್ನೊಂದು ಮದ್‌ಹಬಿನ ನೆಂಟರು ಜೊತೆಗಿದ್ದರೆ ಒತ್ತಾಯ ಬೇಡ, ಅವರ ಮದ್‌ಹಬಿನಲ್ಲಿ ಈ ಹೊತ್ತಿಗೆ ಸುಮ್ಮನೆ ನಿಲ್ಲುವುದೇ ಕ್ರಮ.